ಹರಿದ ಹಾಳೆಗೆ ಯಾವ ಕಾಗದ ಹಚ್ಚಬೇಕು?

(ಹಳೇ ಕಾಗದದ ರಿಪೇರಿ ಬಗ್ಗೆ ಆಡಿದ ಮಾತುಗಳ ಬರಹರೂಪ ಇದು.) ಇಲ್ಲಿ ಕೂತವರಲ್ಲಿ ಜಾಸ್ತಿ ಜನ ಗ್ರಂಥಾಲಯದವರು, ಪತ್ರಾಗಾರದವರು. ಆದ್ದರಿಂದ ನೇರವಾಗಿ ಕೆಲಸದ ಮಾತಿಗೇ ಬರುತ್ತೇನೆ. ಒಂದು ಹಳೇ ಹಾಳೆ ಹರಿದಿದೆ. ಏನಾದರೂ ಹಚ್ಚಬೇಕು. ಕೈಗೆ ಮೊದಲು ಸಿಗುವುದು ಸೆಲೋಟೇಪ್. ಅದು ಏನು ಮಾಡುತ್ತದೆ ಅಂತ ನಿಮ್ಮ ಕಪಾಟುಗಳಲ್ಲೇ ನೋಡಿರುತ್ತೀರಿ. ಅಂಟು ಹಳದಿಯಾಗಿ ಕಾಗದದ ಒಳಗೆ ಇಳಿಯುತ್ತದೆ. ಮೇಲಿನ ಪ್ಲಾಸ್ಟಿಕ್ ಒಣಗಿ ಉದುರುತ್ತದೆ. ಕೊನೆಗೆ ಉಳಿಯುವುದು ಒಂದು ಕಂದು ಕಲೆ, ಜೊತೆಗೆ ಅದೇ ಹಳೇ ಹರಕು.

ಸರಿ, ಸೆಲೋಟೇಪ್ ಬೇಡ. ಹಾಗಾದರೆ ಏನು? ಇವತ್ತು ಲಂಡನ್ನಿನಲ್ಲಾಗಲಿ, ವಾಷಿಂಗ್ಟನ್ನಿನಲ್ಲಾಗಲಿ, ದೆಹಲಿಯಲ್ಲಾಗಲಿ, ಕಾಗದ ಸಂರಕ್ಷಿಸುವವರ ಡ್ರಾಯರ್ ತೆಗೆದರೆ ಒಳಗಿರುವುದು ಜಪಾನಿನ ಕಾಗದ. ಈಚೆಗೆ ಕೊರಿಯಾದ್ದೂ ಇರುತ್ತದೆ. ಪೂರ್ವದ ಮೂಲೆಯ ಒಂದು ಹಳ್ಳಿ ಕಸುಬು ಇಡೀ ಜಗತ್ತಿನ ದಾಖಲೆಗಳನ್ನು ಕಾಯುತ್ತಿದೆ. ಇದು ಹೇಗಾಯಿತು ಅಂತ ತಿಳಿಯುವುದು ಸುಮ್ನೆ ಕುತೂಹಲಕ್ಕಲ್ಲ. ಆ ಕಾಗದವನ್ನು ಹೇಗೆ ಮಾಡುತ್ತಾರೆ ಅಂತ ಗೊತ್ತಿದ್ದರೆ ಮಾತ್ರ ಯಾವ ಹಾಳೆಗೆ ಯಾವುದನ್ನು ಹಚ್ಚಬೇಕು ಅಂತ ಹೇಳಬಹುದು. ಬಿಲ್ಲಿನ ಮೇಲೆ ‘ಜಪಾನೀಸ್ ಟಿಶ್ಯೂ’ ಅಂತ ಬರೆದಿದೆ ಅಂತ ನಂಬಿ ಹಚ್ಚಿದರೆ ಹಾಳೆಗೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಆಗಬಹುದು.

ಮೊದಲು ನಾರಿನ ವಿಷಯ. ಜಪಾನಿನ ಕಾಗದಕ್ಕೆ ಮುಖ್ಯವಾಗಿ ಮೂರು ಗಿಡಗಳು: ಕೋಜೋ, ಮಿತ್ಸುಮಾತ, ಗಾಂಪಿ. ಕೋಜೋ ಅಂದರೆ ನಮ್ಮ ರೇಷ್ಮೆ ಬೆಳೆಗಾರರು ಹುಳಕ್ಕೆ ಹಾಕುವ ಹಿಪ್ಪುನೇರಳೆಯ ಹತ್ತಿರದ ನೆಂಟ. ಒಂದೇ ಕುಟುಂಬ, ಗಿಡ ಮಾತ್ರ ಬೇರೆ. ಅದರ ಒಳತೊಗಟೆಯ ನಾರು ಸರಾಸರಿ 10 ಮಿಲಿಮೀಟರಿನ ಆಸುಪಾಸು ಉದ್ದ ಇರುತ್ತದೆ. ನಮ್ಮ ಜೆರಾಕ್ಸ್ ಕಾಗದದಲ್ಲಿರುವ ಮರದ ನಾರು 1ರಿಂದ 3 ಮಿಲಿಮೀಟರ್. ಮಿತ್ಸುಮಾತ, ಗಾಂಪಿ ಎರಡರ ನಾರೂ ಕೋಜೋಗಿಂತ ಗಿಡ್ಡ. ಆದರೆ ಅವು ನಯ, ತುಂಬಾ ಸಣ್ಣೆಳೆ.

ಉದ್ದ ನಾರಿನಿಂದ ಏನು ಲಾಭ? ಹಾಳೆ ಎಷ್ಟು ತೆಳ್ಳಗಾದರೂ ನಾರುಗಳು ಒಂದನ್ನೊಂದು ದೂರದವರೆಗೆ ಹಿಡಿದುಕೊಂಡಿರುತ್ತವೆ. ಜಪಾನಿನ ಕೊಚಿ ಪ್ರಾಂತ್ಯದ ಹಿದಕಾ ವಾಶಿ ಅನ್ನುವ ಕಂಪನಿ ಯಂತ್ರದಲ್ಲಿ ತೆಂಗುಜೋ ಅನ್ನುವ ತುಂಬಾ ತೆಳುವಾದ ಕೋಜೋ ಕಾಗದ ಮಾಡುತ್ತದೆ. ಅದರಲ್ಲಿ ತೀರಾ ತೆಳುವಾದದ್ದು 1.6 ಜಿಎಸ್‌ಎಂ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಅಳತೆ. ಲೆಕ್ಕ ಹಾಕಿ ನೋಡಿ. ಜೆರಾಕ್ಸ್ ಕಾಗದ 80 ಜಿಎಸ್‌ಎಂ, ಒಂದು ಎ4 ಹಾಳೆ 5 ಗ್ರಾಂ ತೂಗುತ್ತದೆ. ಅದೇ ಅಳತೆಯ ಈ ತೆಂಗುಜೋ ಒಂದು ಗ್ರಾಮಿನ ಹತ್ತನೇ ಒಂದು ಭಾಗ. ಮುದ್ರಿತ ಪುಟದ ಮೇಲೆ ಹಾಸಿದರೆ ಅಕ್ಷರ ಆರಾಮಾಗಿ ಓದಬಹುದು. ಮರದ ತಿರುಳಿನಿಂದ ಇಷ್ಟು ತೆಳ್ಳಗೆ ಮಾಡಲು ಹೋದರೆ ಕೈಗೆ ಹಾಳೆಯೇ ಬರುವುದಿಲ್ಲ, ಧೂಳು ಬರುತ್ತದೆ.

ಇನ್ನು ಇದನ್ನು ಮಾಡುವ ಬಗೆ. ಎಲೆ ಉದುರಿದ ಮೇಲೆ, ಚಳಿಗಾಲದಲ್ಲಿ ಕೋಜೋ ಕಡ್ಡಿಗಳನ್ನು ಕಡಿಯುತ್ತಾರೆ. ಹಬೆಯಲ್ಲಿ ಬೇಯಿಸಿ ತೊಗಟೆ ಸುಲಿಯುತ್ತಾರೆ. ಕಪ್ಪು ಹೊರತೊಗಟೆಯನ್ನು ಚಾಕುವಿನಿಂದ ಹೆರೆದು ತೆಗೆದು, ಒಳಗಿನ ಬಿಳಿ ತೊಗಟೆಯನ್ನು ಕ್ಷಾರದ ನೀರಿನಲ್ಲಿ ಬೇಯಿಸುತ್ತಾರೆ. ಹಿಂದೆ ಮರದ ಬೂದಿಯ ನೀರು, ಈಗ ಹೆಚ್ಚಾಗಿ ಸೋಡಾ ಆಶ್ ಅಥವಾ ಕಾಸ್ಟಿಕ್ ಸೋಡಾ. ಆಮೇಲೆ ಹರಿಯುವ ನೀರಿನಲ್ಲಿ ತೊಳೆದು, ಒಂದೊಂದೇ ಎಳೆಯಿಂದ ಕಪ್ಪು ಚುಕ್ಕೆ, ಕಸ ಆರಿಸುತ್ತಾರೆ. ಕೊರೆಯುವ ನೀರಿನಲ್ಲಿ ಕೈಯಿಟ್ಟು ಗಂಟೆಗಟ್ಟಲೆ ಮಾಡುವ ಕೆಲಸ ಇದು. ನನಗೆ ಈ ಇಡೀ ಕಸುಬಿನಲ್ಲಿ ಅತ್ಯಂತ ಗೌರವ ಹುಟ್ಟಿಸುವ ಹಂತ ಇದೇ. ಕಸ ಕೈಯಿಂದ ಆರಿಸಿದರೆ ಕಾಗದ ಬೆಳ್ಳಗಾಗಲು ಬ್ಲೀಚ್ ಹಾಕುವ ಅಗತ್ಯ ಕಡಿಮೆಯಾಗುತ್ತದೆ. ಬ್ಲೀಚ್ ತಪ್ಪಿದರೆ ನಾರಿನ ಆಯಸ್ಸು ಉಳಿಯುತ್ತದೆ.

ನಂತರ ನಾರನ್ನು ಜಜ್ಜುತ್ತಾರೆ. ಗಮನಿಸಿ, ಕತ್ತರಿಸುವುದಿಲ್ಲ, ಜಜ್ಜಿ ಬಿಡಿಸುತ್ತಾರೆ. ಅದನ್ನು ತೊಟ್ಟಿಯ ನೀರಿಗೆ ಹಾಕಿ ಒಂದು ಲೋಳೆ ಬೆರೆಸುತ್ತಾರೆ. ಆ ಲೋಳೆಗೆ ನೇರಿ ಅನ್ನುತ್ತಾರೆ. ತೊರೊರೊ-ಆಓಯಿ ಅನ್ನುವ ಗಿಡದ ಬೇರಿನಿಂದ ಬರುತ್ತದೆ. ಇದು ನಮ್ಮ ಬೆಂಡೆಕಾಯಿಯ ಜಾತಿಯ ಗಿಡವೇ. ಬೆಂಡೆ ಹೆಚ್ಚಿದಾಗ ಕೈಗೆ ಹತ್ತುವ ಲೋಳೆ ಗೊತ್ತಲ್ವಾ, ಅಂಥದ್ದೇ. ಇದು ಅಂಟಲ್ಲ. ನೀರನ್ನು ದಪ್ಪ ಮಾಡಿ, ಉದ್ದ ನಾರುಗಳು ಗಂಟು ಕಟ್ಟದ ಹಾಗೆ, ತಳಕ್ಕೆ ಕೂರದ ಹಾಗೆ ತೇಲಿಸುತ್ತದೆ. ಬಿಸಿಲಿಗೆ ಈ ಲೋಳೆಯ ಬಲ ಹೋಗುತ್ತದೆ, ಚಳಿಯಲ್ಲಿ ನಿಲ್ಲುತ್ತದೆ. ಒಳ್ಳೆಯ ಕಾಗದ ಚಳಿಗಾಲದ್ದು ಅಂತ ಅಲ್ಲಿಯವರು ಹೇಳುವುದಕ್ಕೆ ಇದೂ ಒಂದು ಕಾರಣ.

ಹಾಳೆ ಎತ್ತುವ ರೀತಿಯೂ ಬೇರೆ. ಯುರೋಪಿನಲ್ಲಿ, ನಮ್ಮ ಖಾದಿ ಕೈಕಾಗದದ ಘಟಕಗಳಲ್ಲಿ, ಜರಡಿಯನ್ನು ತೊಟ್ಟಿಗೆ ಒಮ್ಮೆ ಅದ್ದಿ ಎತ್ತಿ ನೀರು ಸೋರಲು ಬಿಡುತ್ತಾರೆ. ಜಪಾನಿನ ನಾಗಾಶಿಜುಕಿ ಪದ್ಧತಿಯಲ್ಲಿ ಬಿದಿರಿನ ಚಾಪೆಯ ಮೇಲೆ ನೀರನ್ನು ಮತ್ತೆ ಮತ್ತೆ ಎತ್ತಿಕೊಂಡು, ಹಿಂದೆ ಮುಂದೆ ಆಡಿಸಿ, ಮಿಕ್ಕದ್ದನ್ನು ಆಚೆಯ ಅಂಚಿನಿಂದ ಚೆಲ್ಲುತ್ತಾರೆ. ಪದರದ ಮೇಲೆ ಪದರ ಕೂರುತ್ತದೆ. ಗಂಟು, ಕಸ ಏನಾದರೂ ಉಳಿದಿದ್ದರೆ ಚೆಲ್ಲಿದ ನೀರಿನ ಜೊತೆ ಹೋಗುತ್ತದೆ. ಹಸಿ ಹಾಳೆಗಳನ್ನು ನಡುವೆ ಬಟ್ಟೆ ಇಡದೆ ಒಂದರ ಮೇಲೊಂದು ಪೇರಿಸುತ್ತಾರೆ. ನಿಧಾನವಾಗಿ ಒತ್ತಿ ನೀರು ಇಳಿಸಿದ ಮೇಲೆ ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಉದ್ದ ನಾರು ಮತ್ತು ನೇರಿ ಇಲ್ಲದಿದ್ದರೆ ಇಡೀ ರಾಶಿ ಒಂದೇ ರಟ್ಟಾಗುತ್ತಿತ್ತು. ಕೊನೆಗೆ ಮರದ ಹಲಗೆಗೆ ಬ್ರಷ್ಷಿನಿಂದ ಹಚ್ಚಿ ಬಿಸಿಲಿಗಿಡುತ್ತಾರೆ, ಅಥವಾ ಬಿಸಿ ಲೋಹದ ತಗಡಿನ ಮೇಲೆ ಒಣಗಿಸುತ್ತಾರೆ.

ಇಂಥ ಕಾಗದ ಎಷ್ಟು ಕಾಲ ಬಾಳುತ್ತದೆ ಅಂತ ಕೇಳುವವರಿಗೆ ಜಪಾನಿನ ನಾರಾ ಊರಿನ ಶೋಸೋಯಿನ್ ಭಂಡಾರ ತೋರಿಸಬೇಕು. ಕ್ರಿ.ಶ. 702ರ ಜನಗಣತಿಯ ಹಾಳೆಗಳು ಇನ್ನೂ ಅಲ್ಲಿವೆ. ಅವುಗಳಲ್ಲಿ ಕೆಲವು ಮಿನೋ ಪ್ರಾಂತ್ಯದ್ದು. ಆ ಮಿನೋದಲ್ಲಿ ಇವತ್ತಿಗೂ ಕಾಗದ ಮಾಡುತ್ತಾರೆ. ಅಲ್ಲಿಯ ಹೊನ್‌ಮಿನೋಶಿ, ಶಿಮಾನೆಯ ಸೆಕಿಶು-ಬಾನ್ಶಿ, ಸೈತಾಮಾದ ಹೊಸೊಕಾವಾ-ಶಿ, ಈ ಮೂರೂ ಒಟ್ಟಾಗಿ 2014ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು; ಸೆಕಿಶು-ಬಾನ್ಶಿ ಮಾತ್ರ 2009ರಲ್ಲೇ ಅಲ್ಲಿತ್ತು.

ಮಿತ್ಸುಮಾತದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಜಪಾನಿನ ಯೆನ್ ನೋಟಿನಲ್ಲಿ ಈ ಗಿಡದ ನಾರು ಇರುತ್ತದೆ. ಆದರೆ ಜಪಾನಿನ ಹಳ್ಳಿಗಳಲ್ಲಿ ಬೆಳೆಯುವವರಿಗೆ ವಯಸ್ಸಾಯಿತು, ಮುಂದಿನವರು ಬರಲಿಲ್ಲ. ಈಗ ಅದರ ತೊಗಟೆ ಬಹಳಷ್ಟು ನೇಪಾಳದ ಗುಡ್ಡಗಳಿಂದ ಹೋಗುತ್ತದೆ. ನೇಪಾಳಿಗಳು ಅದನ್ನು ಅರ್ಗೇಲಿ ಅನ್ನುತ್ತಾರೆ. ನೇಪಾಳದಲ್ಲಿ ಲೋಕ್ತಾ ಅನ್ನುವ ಇನ್ನೊಂದು ಗಿಡದ ಕಾಗದವೂ ಉಂಟು. ಅದಕ್ಕೆ ಆಮೇಲೆ ಬರುತ್ತೇನೆ, ಯಾಕೆಂದರೆ ನಮ್ಮ ಜೇಬಿಗೆ ಸಂಬಂಧಪಟ್ಟದ್ದು.

ಕೊರಿಯಾದ ಕಾಗದ ಹಾಂಜಿ ಕೂಡ ಕೋಜೋ ಜಾತಿಯ ನಾರಿನದ್ದೇ. ಆ ಗಿಡಕ್ಕೆ ಅವರು ದಾಕ್ ಅನ್ನುತ್ತಾರೆ. ಹಾಳೆ ಎತ್ತುವ ರೀತಿ ಮಾತ್ರ ಅವರದೇ. ಹಳೇ ಪದ್ಧತಿಯಲ್ಲಿ ಚೌಕಟ್ಟನ್ನು ಒಂದೇ ಹಗ್ಗಕ್ಕೆ ತೂಗುಹಾಕಿ ಹಿಂದೆ ಮುಂದೆಯೂ, ಎಡಕ್ಕೆ ಬಲಕ್ಕೂ ಆಡಿಸುತ್ತಾರೆ. ಹಾಗಾಗಿ ನಾರು ಅಡ್ಡಡ್ಡ ಹೆಣೆದುಕೊಳ್ಳುತ್ತದೆ, ಎರಡೂ ದಿಕ್ಕಿಗೆ ಸಮ ಬಲ ಬರುತ್ತದೆ. ಒಣಗಿದ ಮೇಲೆ ಹಾಳೆಗಳನ್ನು ಸೇರಿಸಿ ಕೊಡತಿಯಿಂದ ಬಡಿದು ಮೈ ಬಿಗಿ ಮಾಡುವುದೂ ಉಂಟು. ಚೀನಾದ ಶ್ವಾನ್ ಕಾಗದ ಬೇರೆ ಥರ. ಅನ್ಹುಯಿ ಪ್ರಾಂತ್ಯದ ಜಿಂಗ್ ತಾಲ್ಲೂಕಿನಲ್ಲಿ ಚಿಂಗ್‌ತಾನ್ ಮರದ ತೊಗಟೆಗೆ ಭತ್ತದ ಹುಲ್ಲು ಸೇರಿಸಿ ಮಾಡುತ್ತಾರೆ. ಮೆತ್ತಗೆ ಇರುತ್ತದೆ, ನೀರು ಬೇಗ ಹೀರುತ್ತದೆ. ಚೀನಾದ ಚಿತ್ರಗಳ ಬೆನ್ನಿಗೆ ಹಚ್ಚಲು ಅದೇ ಸರಿ. ಹರಿದ ಅಂಚು ಕೂಡಿಸುವ ಕೆಲಸಕ್ಕೆ ಕೋಜೋ ಕೊಡುವ ಬಲ ಅದರಲ್ಲಿಲ್ಲ.

ಹಾಗಾದರೆ ಇದು ಪಶ್ಚಿಮಕ್ಕೆ ಹೋದದ್ದು ಯಾವಾಗ? ಕಾಗದ ಹೋದದ್ದು ಬಹಳ ಹಿಂದೆಯೇ. ತೆಂಗುಜೋ 19ನೇ ಶತಮಾನದ ಕೊನೆಯಲ್ಲೇ ಟೈಪ್‌ರೈಟರ್ ಕೆಲಸಕ್ಕೆಂದು ಕೊಚಿಯಿಂದ ರಫ್ತಾಗುತ್ತಿತ್ತು. ಆದರೆ ರಿಪೇರಿ ಕಾಗದವಾಗಿ ಅದು ಎಲ್ಲರ ಕೈ ಸೇರಿದ್ದಕ್ಕೆ ಒಂದು ದೊಡ್ಡ ಕಾರಣ ಇಟಲಿಯ ಫ್ಲಾರೆನ್ಸಿನ ಪ್ರವಾಹ. 1966ರ ನವೆಂಬರ್ 4ರಂದು ಆರ್ನೊ ನದಿ ಉಕ್ಕಿ ಅಲ್ಲಿಯ ರಾಷ್ಟ್ರೀಯ ಗ್ರಂಥಾಲಯದ ನೆಲಮಾಳಿಗೆಗೆ ನುಗ್ಗಿತು. ಲಕ್ಷಗಟ್ಟಲೆ ಪುಸ್ತಕ, ಪತ್ರಿಕೆ ಕೆಸರಲ್ಲಿ ಮುಳುಗಿದವು. ಬೇರೆ ಬೇರೆ ದೇಶಗಳ ಬೈಂಡರ್‌ಗಳು, ರಿಪೇರಿ ಮಾಡುವವರು ಬಂದು ಸೇರಿದರು. ಅಲ್ಲಿಯವರೆಗೆ ಒಬ್ಬೊಬ್ಬರದು ಒಂದೊಂದು ಗುಟ್ಟಿನ ವಿದ್ಯೆ. ಅಲ್ಲಿ ಎಲ್ಲರೂ ಒಂದೇ ಮೇಜಿನ ಮೇಲೆ ಕೆಲಸ ಮಾಡಬೇಕಾಯಿತು. ಜಪಾನಿ ಟಿಶ್ಯೂ ಮತ್ತು ಪಿಷ್ಟದ ಅಂಟಿನ ಕೆಲಸ ಆ ಮೇಜುಗಳಿಂದ ಊರೂರಿಗೆ ಹೋಯಿತು. ಆಮೇಲೆ 1992ರಿಂದ ಇಕ್ರಾಮ್ ಅನ್ನುವ, ಪರಂಪರೆಯ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆಯೂ ಟೋಕಿಯೊದ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯೂ ಸೇರಿ ಜಪಾನಿ ಕಾಗದದ ಸಂರಕ್ಷಣೆಗೆಂದೇ ತರಬೇತಿ ನಡೆಸಿದವು.

ನಮ್ಮ ದೇಶದಲ್ಲಿ ಇನ್ನೊಂದು ದಾರಿ ಇತ್ತು. ರೇಷ್ಮೆ ಶಿಫಾನ್ ಬಟ್ಟೆಯನ್ನು ಹಾಳೆಯ ಎರಡೂ ಕಡೆ ಹಚ್ಚುವುದು ನಿಮ್ಮ ಹಿರಿಯ ಸಿಬ್ಬಂದಿಗೆ ಗೊತ್ತಿರುತ್ತದೆ. 1950ರ ದಶಕದಲ್ಲಿ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಒ.ಪಿ. ಗೋಯಲ್ ಅವರು ಯಂತ್ರವೇ ಬೇಡದ ಲ್ಯಾಮಿನೇಶನ್ ರೂಢಿಸಿದರು. ಹಾಳೆಯ ಮೇಲೆ ಸೆಲ್ಯುಲೋಸ್ ಅಸಿಟೇಟ್ ಅನ್ನುವ ಪ್ಲಾಸ್ಟಿಕ್ಕಿನ ತೆಳು ಹಾಳೆ, ಅದರ ಮೇಲೆ ಟಿಶ್ಯೂ, ಮೇಲಿಂದ ಅಸಿಟೋನ್ ಒರೆಸಿದರೆ ಎಲ್ಲ ಕೂಡಿಕೊಳ್ಳುತ್ತದೆ. ಅಮೆರಿಕದಲ್ಲಿ ಇದೇ ಕೆಲಸಕ್ಕೆ ಬಿಸಿ ಯಂತ್ರ ಬೇಕಾಗಿದ್ದ ಕಾಲದಲ್ಲಿ ಇದು ಬಡ ದೇಶದ ಪತ್ರಾಗಾರಗಳಿಗೆ ದೊಡ್ಡ ಆಸರೆಯಾಯಿತು. ಎಷ್ಟೋ ದಾಖಲೆ ಕೈಗೆ ಸಿಗುವ ಹಾಗೆ ಉಳಿದದ್ದು ಅದರಿಂದಲೇ. ಆದರೆ ಅಸಿಟೇಟ್ ವರ್ಷ ಕಳೆದಂತೆ ಹುಳಿಯುತ್ತದೆ, ಆಮ್ಲ ಬಿಡುತ್ತದೆ, ಸುರುಟುತ್ತದೆ. ಬಿಡಿಸುವುದು ಬಹಳ ಕಷ್ಟದ ಕೆಲಸ. ಕೋಜೋ ಮತ್ತು ಪಿಷ್ಟದ ಅಂಟಿನ ಕಡೆಗೆ ಸಂರಕ್ಷಕರು ವಾಲಿದ್ದು ಇದಕ್ಕೇ. ನಾಳೆ ಯಾರಾದರೂ ಒದ್ದೆ ಮಾಡಿದರೆ ಸಾಕು, ನಾವು ಹಚ್ಚಿದ್ದು ಬಿಟ್ಟು ಬರುತ್ತದೆ.

ಈಗ ಮುಖ್ಯವಾದ ಮಾತು. ರಿಪೇರಿ ಕಾಗದ ಮೂಲ ಹಾಳೆಗಿಂತ ಸ್ವಲ್ಪ ದುರ್ಬಲವಾಗಿರಬೇಕು. ಇದು ಕೇಳಿದವರಿಗೆ ವಿಚಿತ್ರ ಅನ್ನಿಸುತ್ತದೆ. ಗಟ್ಟಿಯಾದದ್ದು ಹಚ್ಚಿದರೆ ಒಳ್ಳೆಯದಲ್ವಾ? ಅಲ್ಲ. ಹಳೇ ಅಂಗಿಗೆ ಹೊಸ ಡೆನಿಮ್ ತೇಪೆ ಹಾಕಿದರೆ ತೇಪೆಯ ಪಕ್ಕದಲ್ಲೇ ಅಂಗಿ ಹರಿಯುತ್ತದೆ. ಕಾಗದವೂ ಹಾಗೇ. 1920ರ, 30ರ ಕಾಲದ ಸುದ್ದಿಪತ್ರಿಕೆ ತೆಗೆದುಕೊಳ್ಳಿ. ಆಮ್ಲದಿಂದ ಹಪ್ಪಳದ ಥರ ಆಗಿರುತ್ತದೆ. ಅದಕ್ಕೆ 20 ಜಿಎಸ್‌ಎಂ ಕೋಜೋ ಹಚ್ಚಿದರೆ, ಪುಟ ತಿರುಗಿಸಿದಾಗೆಲ್ಲ ಬಾಗುವ ಬಲ ತೇಪೆಯ ಅಂಚಿನಲ್ಲಿ ಕೂಡುತ್ತದೆ. ಅಲ್ಲೇ ಹೊಸದಾಗಿ ಮುರಿಯುತ್ತದೆ. ನಾರು ಉದ್ದ ಅನ್ನುವ ಗುಣವೇ ಇಲ್ಲಿ ಮುಳುವಾಗುತ್ತದೆ. ಅಂಥ ಹಾಳೆಗೆ 2ರಿಂದ 5 ಜಿಎಸ್‌ಎಂ ತೆಂಗುಜೋ ಸಾಕು. ಮಾಮೂಲಿ ಪತ್ರ, ಕಂದಾಯದ ಕಾಗದ ಹರಿದಿದ್ದರೆ 8ರಿಂದ 12ರ ಆಸುಪಾಸು. ಪುಸ್ತಕದ ಬೆನ್ನು, ಹೊಲಿಗೆಯ ಮಡಿಕೆಗೆ ಇನ್ನೂ ದಪ್ಪ ಬೇಕು. ಬಲ ಬೀಳುವ ಜಾಗ ಅದು.

ಒಂದು ಹರಕನ್ನು ಹೇಗೆ ಕೂಡಿಸುವುದು ಅಂತ ಮೇಜಿನ ಮೇಲೆ ತೋರಿಸಿದ್ದನ್ನು ಇಲ್ಲಿ ಬರೆಯುತ್ತೇನೆ. ಮೊದಲು ಹರಕಿನ ಎರಡೂ ಅಂಚು ನೋಡಿ. ಹರಿದ ಕಾಗದಕ್ಕೆ ಮೇಲ್ತುಟಿ, ಕೆಳತುಟಿ ಅಂತ ಇರುತ್ತದೆ. ಯಾವುದು ಮೇಲೆ ಬರಬೇಕೋ ಹಾಗೇ ಕೂರಿಸಿ. ಇಲ್ಲದಿದ್ದರೆ ಬಿಳಿ ಗೆರೆ ಕಾಣುತ್ತದೆ, ಅಕ್ಷರ ಸರಿದಿರುತ್ತದೆ. ಈಗ ಕೋಜೋ ಹಾಳೆ ತೆಗೆದುಕೊಳ್ಳಿ. ಕತ್ತರಿ ಬೇಡ. ಸಣ್ಣ ಬ್ರಷ್ ನೀರಿನಲ್ಲಿ ಅದ್ದಿ, ಹರಕಿನ ಆಕಾರಕ್ಕೆ ಸರಿಯಾಗಿ, ಆಚೀಚೆ ಎರಡು ಮೂರು ಮಿಲಿಮೀಟರ್ ಬಿಟ್ಟು ಗೆರೆ ಎಳೆಯಿರಿ. ನೀರು ಇಳಿದ ಮೇಲೆ ಎರಡು ಕೈಯಿಂದ ನಿಧಾನವಾಗಿ ಎಳೆದರೆ ಒದ್ದೆ ಗೆರೆಯಲ್ಲೇ ಬಿಡುತ್ತದೆ. ಅಂಚಿನಲ್ಲಿ ನೋಡಿ, ಸಣ್ಣ ಸಣ್ಣ ನಾರುಗಳು ಚಾಚಿಕೊಂಡಿವೆ. ಹಿಡಿಯುವ ಕೆಲಸ ಮಾಡುವುದು ಈ ನಾರುಗಳೇ. ಕತ್ತರಿಸಿದ ನೇರ ಅಂಚಾದರೆ ಅಲ್ಲಿ ಮೆಟ್ಟಿಲಾಗುತ್ತದೆ, ಬಲವೆಲ್ಲ ಆ ಗೆರೆಗೇ ಬೀಳುತ್ತದೆ.

ಆ ಪಟ್ಟಿಗೆ ತೆಳುವಾಗಿ ಅಂಟು ಹಚ್ಚಿ, ಚಿಮಟದಿಂದ ಎತ್ತಿ ಹರಕಿನ ಹಿಂಬದಿಗೆ ಇಡಿ. ನಾರುಗಳನ್ನು ಒಣ ಬ್ರಷ್ಷಿನಿಂದ ಹೊರಕ್ಕೆ ಸವರಿ. ಮೇಲೊಂದು ಪಾಲಿಯೆಸ್ಟರ್ ನೇಯದ ಬಟ್ಟೆ, ಅದರ ಮೇಲೆ ಬ್ಲಾಟಿಂಗ್ ಪೇಪರ್, ಮೇಲೊಂದು ಗಾಜು, ತೂಕ. ಕೆಲವು ನಿಮಿಷಕ್ಕೆ ಬ್ಲಾಟಿಂಗ್ ಬದಲಿಸಿ, ಮತ್ತೆ ತೂಕ ಇಡಿ. ಪೂರ್ತಿ ಒಣಗುವವರೆಗೆ ತೆಗೆಯಬೇಡಿ. ಅವಸರ ಮಾಡಿದರೆ ಹಾಳೆ ಸುಕ್ಕಾಗುತ್ತದೆ.

ಅಂಟಿನ ಬಗ್ಗೆ ಯಾವಾಗಲೂ ಕೇಳುತ್ತಾರೆ, ಮೈದಾ ಆಗುತ್ತದಾ ಅಂತ. ಮೈದಾದಲ್ಲಿ ಗ್ಲುಟೆನ್ ಇರುತ್ತದೆ. ಅದು ಒಣಗಿದ ಮೇಲೆ ಬಿರುಸಾಗುತ್ತದೆ, ಬಿಡಿಸಲು ಕಷ್ಟ. ಬೇಕಾದದ್ದು ಗ್ಲುಟೆನ್ ತೆಗೆದ ಗೋಧಿ ಪಿಷ್ಟ. ಸಂರಕ್ಷಣೆಯ ಸಾಮಾನು ಮಾರುವವರಲ್ಲಿ ಪುಡಿ ಸಿಗುತ್ತದೆ. ಒಂದು ಪಾಲು ಪುಡಿಗೆ ನಾಲ್ಕೈದು ಪಾಲು ನೀರು ಹಾಕಿ ನೆನೆಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಾ ಅರ್ಧ ಗಂಟೆಗೂ ಮೇಲೆ ಬೇಯಿಸಬೇಕು. ತಣ್ಣಗಾದ ಮೇಲೆ ಸಣ್ಣ ಜರಡಿಯಲ್ಲಿ ಎರಡು ಮೂರು ಸಲ ತಿಕ್ಕಿ, ಕೆಲಸಕ್ಕೆ ಬೇಕಾದಷ್ಟು ನೀರು ಬೆರೆಸಿ ತೆಳು ಮಾಡಬೇಕು. ಕ್ಯೋಟೊದಲ್ಲಿ ಸುರುಳಿ ಚಿತ್ರಗಳ ಬೆನ್ನಿಗೆ ಕಾಗದ ಹಚ್ಚುವವರು ಈ ಅಂಟನ್ನು ಜಾಡಿಯಲ್ಲಿ ತುಂಬಿ ತಂಪಾದ ಕಡೆ ಹತ್ತು ವರ್ಷದಷ್ಟು ಕಾಲ ಇಡುತ್ತಾರೆ. ಹಿಡಿತ ಕಡಿಮೆಯಾಗಿ ತುಂಬಾ ಮೃದುವಾಗುತ್ತದೆ, ಸುರುಳಿ ಸುತ್ತಿದರೂ ಬಿರುಕು ಬಿಡುವುದಿಲ್ಲ. ನಮಗೆ ಅಷ್ಟೆಲ್ಲ ಬೇಡ. ಆಯಾ ವಾರದ ಅಂಟು ಆಯಾ ವಾರ ಮಾಡಿಕೊಂಡರೆ ಸಾಕು. ಫ್ರಿಜ್ಜಿನಲ್ಲಿಟ್ಟರೂ ನಮ್ಮ ಹವೆಗೆ ಅದು ಜಾಸ್ತಿ ದಿನ ನಿಲ್ಲುವುದಿಲ್ಲ.

ಎಲ್ಲ ಹಾಳೆಗೂ ಹೀಗೆ ನೀರಿನ ಅಂಟು ಹಚ್ಚುವ ಹಾಗಿಲ್ಲ. ಬ್ರಿಟಿಷರ ಕಾಲದ ಕಡತಗಳಲ್ಲಿ ಕಂದು ಶಾಯಿ ನೋಡಿರುತ್ತೀರಿ. ಮಾಚಿಕಾಯಿ ಮತ್ತು ಅನ್ನಭೇದಿ ಸೇರಿಸಿ ಮಾಡಿದ ಕಬ್ಬಿಣದ ಶಾಯಿ. ಅದು ಕೆಲವು ಕಡೆ ಕಾಗದವನ್ನೇ ತಿಂದು ಅಕ್ಷರದ ಆಕಾರಕ್ಕೆ ತೂತು ಮಾಡಿರುತ್ತದೆ. ಅಲ್ಲಿ ನೀರು ತಾಗಿದರೆ ಕಬ್ಬಿಣದ ಅಂಶ ಕರಗಿ ಪಕ್ಕದ ಚೊಕ್ಕ ಕಾಗದಕ್ಕೂ ಹರಡುತ್ತದೆ. ಇದನ್ನು ಪರೀಕ್ಷಿಸಲು ಒಂದು ಸಣ್ಣ ಕಾಗದದ ಪಟ್ಟಿ ಸಿಗುತ್ತದೆ. ಕರಗುವ ಕಬ್ಬಿಣ ಇದ್ದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಂಥ ಹಾಳೆಗೆ ಮೊದಲೇ ಜೆಲಟಿನ್ ಹಚ್ಚಿ ಒಣಗಿಸಿಟ್ಟ ತೆಳು ತೆಂಗುಜೋ ಬಳಸಬೇಕು. ತೇವದ ಸ್ಪಂಜಿಗೆ ಒಂದು ಕ್ಷಣ ತಾಗಿಸಿದರೆ ಅಂಟುವಷ್ಟು ಮಾತ್ರ ಹಸಿಯಾಗುತ್ತದೆ.

ಇಡೀ ಹಾಳೆಯ ಬೆನ್ನಿಗೆ ಕಾಗದ ಹಚ್ಚುವುದು ಬೇರೆಯೇ ಕೆಲಸ. ಅದರ ಬಗ್ಗೆ ಒಂದೇ ಮಾತು ಹೇಳುತ್ತೇನೆ. ಹೆಚ್ಚಿನ ಕಾಗದಗಳಿಗೆ ನಾರು ಮಲಗಿದ ದಿಕ್ಕು ಇರುತ್ತದೆ. ಒದ್ದೆಯಾದಾಗ ಅದು ಆ ದಿಕ್ಕಿಗೆ ಅಡ್ಡವಾಗಿ ಜಾಸ್ತಿ ಹಿಗ್ಗುತ್ತದೆ. ಮೂಲ ಹಾಳೆಯ ದಿಕ್ಕು, ಬೆನ್ನಿನ ಕಾಗದದ ದಿಕ್ಕು ಒಂದೇ ಇರಲಿ. ಗಾಂಪಿಯನ್ನು ಇದಕ್ಕೆ ಆರಿಸುವಾಗ ಎರಡು ಸಲ ಯೋಚಿಸಿ. ನಯ, ಹೊಳಪು, ಚೆಂದ ಎಲ್ಲ ಇದೆ, ಆದರೆ ತೇವಕ್ಕೆ ಬಹಳ ಆಡುತ್ತದೆ.

ಕೊಳ್ಳುವಾಗ ಏನು ಕೇಳಬೇಕು? ಯಾವ ನಾರು, ಅದರಲ್ಲಿ ಮರದ ತಿರುಳು ಬೆರೆತಿದೆಯಾ, ಯಾವ ಕ್ಷಾರದಲ್ಲಿ ಬೇಯಿಸಿದ್ದು, ಬ್ಲೀಚ್ ಹಾಕಿದೆಯಾ, ಪಟಿಕ ಹಾಕಿದೆಯಾ. ಕೊನೆಯದ್ದು ಬಹಳ ಮುಖ್ಯ. ಚಿತ್ರ ಬರೆಯುವವರಿಗೆಂದು ಮಾಡಿದ ಕಾಗದಕ್ಕೆ ಶಾಯಿ ಹರಡದಿರಲಿ ಅಂತ ಪಟಿಕ ಸೇರಿಸಿರುತ್ತಾರೆ. ಅದು ಆಮ್ಲ. ಚೀನಾದ್ದಿರಲಿ, ಜಪಾನಿನದ್ದಿರಲಿ, ಅಂಥದ್ದನ್ನು ದಾಖಲೆಗೆ ಹಚ್ಚಬೇಡಿ. ಕರಕುಶಲ ಅಂಗಡಿಯಲ್ಲಿ ಹೂವಿನ ಎಸಳು ಸೇರಿಸಿದ ಚೆಂದದ ಹಾಳೆಗಳು ಸಿಗುತ್ತವೆ. ಅವು ಲಗ್ನಪತ್ರಿಕೆಗೆ ಸರಿ, ರಿಪೇರಿಗಲ್ಲ. ಮಾರುವವರು ಈ ಪ್ರಶ್ನೆಗಳಿಗೆ ಉತ್ತರ ಕೊಡಲಾಗದಿದ್ದರೆ ಅವರಲ್ಲಿ ಕೊಳ್ಳಬೇಡಿ.

ದುಬಾರಿ ಅನ್ನುವ ದೂರು ನಿಜವೇ. ಆದರೆ ಪಟ್ಟಿಗಳಾಗಿ ಬಳಸಿದರೆ ಒಂದು ಹಾಳೆ ಬಹಳ ದಿನ ಬರುತ್ತದೆ, ಚೂರನ್ನೂ ಎಸೆಯಬೇಕಾಗಿಲ್ಲ. ನೇಪಾಳದ ಲೋಕ್ತಾ ಅಗ್ಗ, ಗಟ್ಟಿ, ಉದ್ದ ನಾರಿನದ್ದೇ. ಪುಸ್ತಕದ ಬೆನ್ನಿಗೆ, ಸುತ್ತಿಡುವುದಕ್ಕೆ, ದಪ್ಪ ತೇಪೆಗೆ ನಾನು ಖುಷಿಯಿಂದ ಬಳಸುತ್ತೇನೆ. ಅಕ್ಷರದ ಮೇಲೆ ಹಾಸುವಷ್ಟು ತೆಳುವಾಗಿ ಮಾತ್ರ ಸಿಗುವುದು ಕಷ್ಟ. ಹುಬ್ಬಳ್ಳಿಯ ಹತ್ತಿರ ತಾರಿಹಾಳದಲ್ಲಿ ಹತ್ತಿ ಚಿಂದಿಯಿಂದ ಒಳ್ಳೆಯ ಕೈಕಾಗದ ಮಾಡುತ್ತಾರೆ, ಅದು ಆಗುವುದಿಲ್ವಾ ಅಂತ ಒಬ್ಬರು ಕೇಳಿದರು. ಜಲವರ್ಣಕ್ಕೆ, ಹೊದಿಕೆಗೆ, ಪುಸ್ತಕದ ಮೊದಲ ಕೊನೆಯ ಖಾಲಿ ಹಾಳೆಗಳಿಗೆ ಬಹಳ ಚೆನ್ನಾಗಿರುತ್ತದೆ. ಆದರೆ ಚಿಂದಿಯನ್ನು ಯಂತ್ರದಲ್ಲಿ ಅರೆದಾಗ ನಾರು ತುಂಡಾಗಿರುತ್ತದೆ, ಹಾಳೆ ದಪ್ಪ. ಹರಕಿನ ಮೇಲೆ ಹಚ್ಚಿದರೆ ಬರಹವೇ ಮುಚ್ಚಿಹೋಗುತ್ತದೆ.

ಕರಾವಳಿ, ಮಲೆನಾಡಿನಿಂದ ಬಂದವರಿಗೆ ಒಂದು ಎಚ್ಚರಿಕೆ. ಪಿಷ್ಟದ ಅಂಟು ಅಂದರೆ ಸಿಲ್ವರ್‌ಫಿಶ್ ಹುಳಕ್ಕೂ ಬೂಷ್ಟಿಗೂ ಊಟ. ಗಾಳಿಯ ತೇವ 65 ಶೇಕಡಾ ದಾಟಿದರೆ ಬೂಷ್ಟು ಏಳಲು ಶುರು. ಮಳೆಗಾಲದಲ್ಲಿ ನಿಮ್ಮ ಊರುಗಳಲ್ಲಿ ಅದು ವಾರಗಟ್ಟಲೆ ಇನ್ನೂ ಮೇಲಿರುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೊಡ್ಡ ಒದ್ದೆ ಕೆಲಸ ಇಟ್ಟುಕೊಳ್ಳಬೇಡಿ. ಅಂಟು ಆದಷ್ಟು ತೆಳುವಾಗಿ ಹಚ್ಚಿ. ರಿಪೇರಿ ಆದದ್ದನ್ನು ಕನಿಷ್ಠ ಎರಡು ದಿನ ತೂಕದಡಿ ಒಣಗಿಸದೆ ಪೆಟ್ಟಿಗೆಗೆ ಸೇರಿಸಬೇಡಿ. ತೀರಾ ತೇವದ ಜಾಗದಲ್ಲಿ ಮೀಥೈಲ್ ಸೆಲ್ಯುಲೋಸ್ ಅನ್ನುವ ಅಂಟಿನ ಪುಡಿ ಬೆರೆಸಿದ ಅಂಟು ವಾಸಿ. ಹಿಡಿತ ಕಡಿಮೆ, ಆದರೆ ಹುಳಗಳಿಗೆ ಅದು ಅಷ್ಟು ರುಚಿಸುವುದಿಲ್ಲ.

ಕೊನೆಯಲ್ಲಿ ಕೇಳಿದ ಪ್ರಶ್ನೆ: ಬಜೆಟ್ ಇಲ್ಲ, ತರಬೇತಿ ಪಡೆದವರಿಲ್ಲ, ಎಲ್ಲಿಂದ ಶುರು ಮಾಡುವುದು? 5 ಜಿಎಸ್‌ಎಂನ ಒಂದು ತೆಂಗುಜೋ, 10 ಜಿಎಸ್‌ಎಂ ಹತ್ತಿರದ ಒಂದು ಕೋಜೋ, ಸ್ವಲ್ಪ ಲೋಕ್ತಾ, ಗೋಧಿ ಪಿಷ್ಟದ ಪುಡಿ, ಎರಡು ಬ್ರಷ್, ಬ್ಲಾಟಿಂಗ್ ಪೇಪರ್. ಇಷ್ಟು ಸಾಕು. ಮೊದಲ ಕೆಲವು ತಿಂಗಳು ರದ್ದಿಗೆ ಹಾಕಿದ ಹಳೇ ಪತ್ರಿಕೆ, ಹಳೇ ಲೆಕ್ಕದ ಪುಸ್ತಕಗಳ ಮೇಲೆ ಕೈ ಪಳಗಿಸಿ. ದಾಖಲೆಗೆ ಕೈ ಹಾಕುವ ದಿನದಿಂದ ಒಂದು ನೋಟ್‌ಬುಕ್ ಇಡಿ. ಯಾವ ಹಾಳೆ, ಎಲ್ಲಿ ಹರಿದಿತ್ತು, ಯಾವ ಕಾಗದ, ಎಷ್ಟು ಜಿಎಸ್‌ಎಂ, ಯಾವ ಅಂಟು, ಯಾವ ತಾರೀಖು, ಯಾರು ಹಚ್ಚಿದ್ದು. ಐವತ್ತು ವರ್ಷದ ಮೇಲೆ ಆ ತೇಪೆಯನ್ನು ಬಿಡಿಸಬೇಕಾದವರು ಮೊದಲು ಹುಡುಕುವುದು ಆ ಪುಸ್ತಕವನ್ನೇ. ಹಾಗಾಗಿ ಪೆನ್ಸಿಲ್ಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ನೀರು ಬಿದ್ದರೆ ಹರಡುತ್ತದೆ.